ಕೊಲೆಸ್ಟ್ರಾಲ್ ಮಾತ್ರೆ ‘ಬ್ಯಾನ್’ ಆಗಿದೆ ಅನ್ನೋ ಸಂದೇಶ: ನಿಜ ಎಷ್ಟು? ಅತ್ತೆ ಮಾತ್ರೆ ನಿಲ್ಲಿಸಿದ್ದಾರೆ

ಸುಮಾ_ಮುಲುಂಡ್

ಎಲ್ಲರಿಗೂ ನಮಸ್ಕಾರ. ನಮ್ಮ ಸೊಸೈಟಿಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಸಾವು, ಕಂಪನಿಯೇ ಮಾರುಕಟ್ಟೆಯಿಂದ ವಾಪಸ್ ತಗೊಂಡಿದೆ, ಇವತ್ತೇ ನಿಲ್ಲಿಸಿ’ ಅಂತ. ಜೊತೆಗೆ ಒಂದು ಇಂಗ್ಲಿಷ್ ಪೇಪರಿನ ತುಣುಕು. ಅದರಲ್ಲಿ ತಾರೀಖು ಕಾಣುವುದಿಲ್ಲ.

ಅತ್ತೆಗೆ ಸ್ಟೆಂಟ್ ಹಾಕಿಸಿದ ಮೇಲೆ ದಿನಾ ರಾತ್ರಿ ಅಟೋರ್ವಾಸ್ಟಾಟಿನ್ 40 ಇದೆ. ಸಂದೇಶ ಓದಿದವರು ಸ್ಟ್ರಿಪ್ಪನ್ನೇ ಎತ್ತಿಟ್ಟಿದ್ದಾರೆ. ‘ಮೊಣಕಾಲು ನೋವು ಬರುತ್ತಿದ್ದುದು ಇದರಿಂದಲೇ’ ಅನ್ನುತ್ತಾರೆ. ನಾನು ಏನು ಹೇಳಿದರೂ ಕೇಳುವುದಿಲ್ಲ. ಈ ಸುದ್ದಿಯಲ್ಲಿ ಸತ್ಯ ಇದೆಯಾ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ನೆರುಲ್_ಶೆಟ್ಟಿ

ನಮ್ಮ ಗುಂಪಿಗೂ ಬಂದಿದೆ ಸುಮಕ್ಕ. ಹೋಟೆಲಿನಲ್ಲಿ ಕ್ಯಾಶಿಯರ್‌ ಮಾಮನೂ ‘ನಿಲ್ಲಿಸಲಾ?’ ಅಂತ ಕೇಳುತ್ತಿದ್ದರು. ಇಲ್ಲಿ ಉತ್ತರ ಬಂದರೆ ಅವರಿಗೂ ಓದಿ ಹೇಳುತ್ತೇನೆ.

ಪ್ರಿನ್ಸೆಸ್‌ಸ್ಟ್ರೀಟ್_ಭಟ್

ಸುಮಾ, ಆ ತುಣುಕಿನಲ್ಲಿ ‘ಬೇಕಾಲ್’ ಅಥವಾ ‘ಲಿಪೋಬೇ’ ಅನ್ನುವ ಹೆಸರು ಇದೆಯಾ ನೋಡಮ್ಮ. ಇದ್ದರೆ ಅದು 2001ರ ಆಗಸ್ಟ್ ತಿಂಗಳ ಸುದ್ದಿ.

ಸುಮಾ_ಮುಲುಂಡ್

ಹೌದು ಸರ್, ಬೇಕಾಲ್ ಅಂತ ಇದೆ! ಕೆಳಗೆ ಬೇಯರ್ ಕಂಪನಿಯ ಹೆಸರೂ ಇದೆ.

ಪ್ರಿನ್ಸೆಸ್‌ಸ್ಟ್ರೀಟ್_ಭಟ್

ಹಾಗಾದರೆ ಪೂರ್ತಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಆ ಕಾಲದಲ್ಲಿ ನಾನು ಬೇರೆ ಒಂದು ಔಷಧ ಕಂಪನಿಯ ಎಂ.ಆರ್., ಅಂದರೆ ಮಾರಾಟ ಪ್ರತಿನಿಧಿ ಆಗಿದ್ದೆ, ಗಿರ್ಗಾಂವ್‌ನಿಂದ ದಾದರ್‌ವರೆಗೆ ಡಾಕ್ಟರುಗಳನ್ನು ನೋಡುವ ಕೆಲಸ. ಈ ಸುದ್ದಿ ಬಂದಾಗ ಪ್ರತಿ ಕ್ಲಿನಿಕ್ಕಿನಲ್ಲೂ ಇದೇ ಮಾತು. ಹಾಗಾಗಿ ಆಗಿನಿಂದ ಇದನ್ನು ಓದಿಕೊಂಡು ಬಂದಿದ್ದೇನೆ.

ಆ ಔಷಧದ ಹೆಸರು ಸೆರಿವಾಸ್ಟಾಟಿನ್. ಅಮೆರಿಕದಲ್ಲಿ ಬೇಕಾಲ್, ಯುರೋಪಿನಲ್ಲಿ ಲಿಪೋಬೇ. ಜರ್ಮನಿಯ ಬೇಯರ್ ಕಂಪನಿಯದು. 1997ರಲ್ಲಿ ಅನುಮತಿ ಸಿಕ್ಕಿತು. ಆಗಲೇ ಲೋವಾಸ್ಟಾಟಿನ್, ಸಿಂವಾಸ್ಟಾಟಿನ್, ಪ್ರಾವಾಸ್ಟಾಟಿನ್, ಫ್ಲೂವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಎಲ್ಲ ಮಾರುಕಟ್ಟೆಯಲ್ಲಿದ್ದವು. ಇದು ಆರನೆಯದು. ಬೇರೆಯವು 10, 20, 40 ಮಿಲಿಗ್ರಾಂ ಲೆಕ್ಕದಲ್ಲಿದ್ದರೆ ಇದು ಒಂದು ಮಿಲಿಗ್ರಾಂಗಿಂತಲೂ ಕಡಿಮೆ ಸಾಕು ಅನ್ನುವುದು ಇದರ ಹೆಚ್ಚುಗಾರಿಕೆ. ಮೊದಲು 0.2, 0.3. ಆದರೆ ಆ ಪ್ರಮಾಣದಲ್ಲಿ ಎಲ್.ಡಿ.ಎಲ್. (ಕೆಟ್ಟ ಕೊಲೆಸ್ಟ್ರಾಲ್) ಉಳಿದ ಮಾತ್ರೆಗಳಷ್ಟು ಇಳಿಯುತ್ತಿರಲಿಲ್ಲ. ಹಾಗಾಗಿ 0.4 ಬಂತು. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ 0.8 ಕೂಡ ಬಂತು.

ಡೋಸ್ ಏರಿದ ಹಾಗೆ ಸ್ನಾಯು ಕರಗುವ ಪ್ರಕರಣಗಳೂ ಏರಿದವು. ಅದಕ್ಕೆ ರ‍್ಯಾಬ್ಡೋಮಯೋಲಿಸಿಸ್ ಅನ್ನುತ್ತಾರೆ. ಸ್ನಾಯುವಿನ ಜೀವಕೋಶ ಒಡೆದು ಒಳಗಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ, ಕಿಡ್ನಿಗೆ ಹೋಗಿ ಅಲ್ಲಿ ಕಟ್ಟಿಕೊಳ್ಳುತ್ತದೆ. ಕಿಡ್ನಿ ಕೈಕೊಟ್ಟರೆ ಪ್ರಾಣಕ್ಕೇ ಅಪಾಯ. 2001 ಆಗಸ್ಟ್ 8ರಂದು ಕಂಪನಿ ಮಾತ್ರೆಯನ್ನು ವಾಪಸ್ ತಗೊಂಡಿತು. ಆ ಹೊತ್ತಿಗೆ ಅಮೆರಿಕದಲ್ಲೇ 31 ಸಾವು ವರದಿಯಾಗಿದ್ದವು. ಅದರಲ್ಲಿ 12 ಜನ ಇದರ ಜೊತೆ ಜೆಮ್‌ಫೈಬ್ರೋಜಿಲ್ ಅನ್ನುವ ಇನ್ನೊಂದು ಮಾತ್ರೆಯನ್ನೂ ತಗೊಳ್ಳುತ್ತಿದ್ದರು. ಮುಂದೆ ಇಡೀ ಪ್ರಪಂಚದ ಲೆಕ್ಕ 52ಕ್ಕೆ ಹೋಯಿತು.

ಈಗ ಮುಖ್ಯ ವಿಷಯ. ಮರುವರ್ಷ, 2002ರಲ್ಲಿ, ಔಷಧಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್.ಡಿ.ಎ. ಕಡೆಯವರು ಎಲ್ಲ ಸ್ಟ್ಯಾಟಿನ್‌ಗಳನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರು. ಹತ್ತು ಲಕ್ಷ ಚೀಟಿಗೆ ಈ ಕಾಯಿಲೆಯಿಂದ ವರದಿಯಾದ ಸಾವು ಎಷ್ಟು ಅಂತ. ಸೆರಿವಾಸ್ಟಾಟಿನ್‌ಗೆ 3.16. ಲೋವಾಸ್ಟಾಟಿನ್‌ಗೆ 0.19. ಸಿಂವಾಸ್ಟಾಟಿನ್‌ಗೆ 0.12. ನಿಮ್ಮ ಅತ್ತೆ ತಗೊಳ್ಳುವ ಅಟೋರ್ವಾಸ್ಟಾಟಿನ್‌ಗೆ 0.04. ಹದಿನಾರು ಪಟ್ಟಿನಿಂದ ಎಂಬತ್ತು ಪಟ್ಟಿನವರೆಗೆ ವ್ಯತ್ಯಾಸ! ಒಂದೇ ಮನೆತನದ ಹೆಸರು ಇದ್ದ ಮಾತ್ರಕ್ಕೆ ಒಂದೇ ಗುಣ ಇರಬೇಕು ಅಂತಿಲ್ಲ.

ಸಂದೇಶದಲ್ಲಿರುವ ಘಟನೆ ನಡೆದದ್ದು ನಿಜ. ಆದರೆ ಅದು ಬೇರೆ ಮಾತ್ರೆ, ಬೇರೆ ಕಾಲ. ಅದನ್ನು ಇವತ್ತಿನ ಮಾತ್ರೆಗೆ ಅಂಟಿಸಿದ್ದು ಸುಳ್ಳು.

ಕೊಥ್ರೂಡ್_ಡಾಕ್ಟರ್

ಭಟ್ ಅವರು ಸರಿಯಾಗಿ ಬರೆದಿದ್ದಾರೆ. ನಾನು ಪುಣೆಯಲ್ಲಿ ಫಿಸಿಷಿಯನ್, ಮೂಲ ಧಾರವಾಡ.

ಸುಮಾ ಅವರೇ, ಮೊದಲು ತುರ್ತಿನ ಮಾತು. ಸ್ಟೆಂಟ್ ಹಾಕಿದವರು ಸ್ಟ್ಯಾಟಿನ್ ತಾವಾಗಿಯೇ ನಿಲ್ಲಿಸಬಾರದು. ಆ ಮಾತ್ರೆ ರಕ್ತದ ರಿಪೋರ್ಟಿನ ಅಂಕಿ ಇಳಿಸುವುದಕ್ಕೆ ಮಾತ್ರ ಅಲ್ಲ. ರಕ್ತನಾಳದ ಒಳಗೋಡೆಯ ಕೊಬ್ಬಿನ ಗಂಟು ಒಡೆಯದ ಹಾಗೆ ಅದು ಕಾಯುತ್ತದೆ. ಎಲ್.ಡಿ.ಎಲ್. ಸುಮಾರು 39 ಅಂಕ ಇಳಿದರೆ ಹಾರ್ಟ್ ಅಟ್ಯಾಕ್, ಲಕ್ವದಂಥ ದೊಡ್ಡ ಘಟನೆಗಳು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತವೆ. ಇದು ಲಕ್ಷಾಂತರ ಜನರ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ಫಲಿತಾಂಶ. ಇವತ್ತೇ ಅವರ ಹೃದಯದ ಡಾಕ್ಟರಿಗೆ ಫೋನ್ ಮಾಡಿ, ‘ಅಮ್ಮ ನಿಲ್ಲಿಸಿದ್ದಾರೆ, ಮೊಣಕಾಲು ನೋವು ಅನ್ನುತ್ತಾರೆ’ ಅಂತ ಹೇಳಿ. ಮುಂದಿನ ತಿಂಗಳ ತಪಾಸಣೆವರೆಗೆ ಕಾಯಬೇಡಿ.

ಇನ್ನು ಮೊಣಕಾಲು. ಸ್ಟ್ಯಾಟಿನ್ ನೋವು ಸಾಮಾನ್ಯವಾಗಿ ಕೀಲಿನಲ್ಲಿ ಇರುವುದಿಲ್ಲ, ಮಾಂಸಖಂಡದಲ್ಲಿ ಇರುತ್ತದೆ. ಎರಡೂ ತೊಡೆ, ಎರಡೂ ಮೀನಖಂಡ, ಭುಜ, ಸೊಂಟದ ಸುತ್ತ. ಎರಡೂ ಕಡೆ ಒಂದೇ ಥರ. ಮಾತ್ರೆ ಶುರು ಮಾಡಿದ ಅಥವಾ ಡೋಸ್ ಏರಿಸಿದ ಮೊದಲ ಕೆಲವು ವಾರಗಳಲ್ಲಿ ಜಾಸ್ತಿ. ಒಂದೇ ಮೊಣಕಾಲು, ಮೆಟ್ಟಿಲು ಇಳಿಯುವಾಗ ಕಟಕಟ ಅನ್ನುವುದಾದರೆ ಅದು ಸವೆತದ ನೋವು ಇರಬಹುದು. ಆದರೂ ತೋರಿಸಿ. ಸಿ.ಪಿ.ಕೆ. (ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ), ಥೈರಾಯ್ಡ್, ವಿಟಮಿನ್ ಡಿ ಮೂರೂ ನೋಡುವುದು ಒಳ್ಳೆಯದು. ಥೈರಾಯ್ಡ್ ಕಡಿಮೆ ಇದ್ದವರಿಗೆ ಸ್ಟ್ಯಾಟಿನ್‌ನಿಂದ ಸ್ನಾಯು ತೊಂದರೆ ಜಾಸ್ತಿ. ಅದನ್ನು ಸರಿಪಡಿಸಿದರೆ ಎಷ್ಟೋ ಜನರಿಗೆ ಅದೇ ಮಾತ್ರೆ ಮತ್ತೆ ಹೊಂದಿಕೊಳ್ಳುತ್ತದೆ.

ಚಿಂಚವಡ್_ಪಾಟೀಲ

ಡಾಕ್ಟರ್ ಸಾಹೇಬರ ಮೇಲೆ ಗೌರವ ಇದೆ. ಆದರೆ ಒಂದು ಕೇಳುತ್ತೇನೆ, ಸಿಟ್ಟಾಗಬ್ಯಾಡ್ರಿ. 1997ರಲ್ಲಿ ಇದೇ ಡಾಕ್ಟರುಗಳು, ಇದೇ ಕಂಪನಿಗಳು ‘ಸುರಕ್ಷಿತ’ ಅಂದಿರಲಿಲ್ಲವೇನು? ನಾಲ್ಕು ವರ್ಷ ಆದಮೇಲೆ ಜನ ಸತ್ತಾಗ ವಾಪಸ್ ತಗೊಂಡರು. ನೋವಿನ ಮಾತ್ರೆ ವಯಾಕ್ಸ್ ಕೂಡ ಹಾಗೆಯೇ, 2004ರಲ್ಲಿ ಹೋಯಿತು. ಇವತ್ತು ಸುರಕ್ಷಿತ ಅನ್ನುವ ಮಾತ್ರೆ ನಾಳೆ ಹೋಗುವುದಿಲ್ಲ ಅಂತ ಯಾರು ಹೇಳುತ್ತಾರೆ? ಕಂಪನಿಗೆ ಮೊದಲೇ ಗೊತ್ತಿತ್ತು ಅಂತ ಓದಿದ್ದೇನೆ. ಬಡವರು ಯಾರನ್ನು ನಂಬಬೇಕು?

ಪ್ರಿನ್ಸೆಸ್‌ಸ್ಟ್ರೀಟ್_ಭಟ್

ಪಾಟೀಲರೇ, ನಿಮ್ಮ ಸಿಟ್ಟಿಗೆ ಕಾರಣ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಂಪನಿಯ ನಡವಳಿಕೆ ಬಗ್ಗೆ ಸುಮ್ನೆ ಇರಲಾಗುವುದಿಲ್ಲ.

ಅಮೆರಿಕದಲ್ಲಿ ಮಾತ್ರೆ ಅಂಗಡಿಗೆ ಬಂದದ್ದು 1998ರ ಆರಂಭದಲ್ಲಿ. ಸುಮಾರು ನೂರು ದಿನದೊಳಗೆ, ಜೆಮ್‌ಫೈಬ್ರೋಜಿಲ್ ಜೊತೆ ಕೊಟ್ಟಾಗ ಸ್ನಾಯು ಒಡೆದ ಹಲವು ಪ್ರಕರಣಗಳು ಕಂಪನಿಯ ಕೈಗೆ ಬಂದಿದ್ದವು. ‘ಈ ಎರಡನ್ನೂ ಒಟ್ಟಿಗೆ ಕೊಡಲೇಬಾರದು’ ಅನ್ನುವ ಸಾಲು ಮಾತ್ರೆಯ ಜೊತೆಗಿನ ಹಾಳೆಗೆ ಸೇರಿದ್ದು 1999ರ ಡಿಸೆಂಬರಿನಲ್ಲಿ. ನಡುವೆ ಒಂದೂವರೆ ವರ್ಷಕ್ಕೂ ಜಾಸ್ತಿ. ಇದೆಲ್ಲ ಕೋರ್ಟಿನ ಕೇಸುಗಳಲ್ಲಿ ಹೊರಬಂದ ಕಂಪನಿಯ ಕಾಗದಗಳಿಂದ ತಿಳಿಯಿತು. 2004ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು.

ಇನ್ನೂ ನೋವಿನ ಸಂಗತಿ ಏನೆಂದರೆ, ಆ ಸಾಲು ಬಂದ ಮೇಲೂ ಎಷ್ಟೋ ಡಾಕ್ಟರುಗಳು ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದರು. ಹಾಳೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿದರೆ ಅದು ಕ್ಲಿನಿಕ್ಕಿನ ಮೇಜಿನ ತನಕ ತಲುಪುವುದಿಲ್ಲ. ನಾನು ಆ ಮೇಜಿನ ಎದುರು ಎಷ್ಟೋ ವರ್ಷ ನಿಂತವನು, ನನಗೆ ಗೊತ್ತು. ನಾವು ತಗೊಂಡು ಹೋಗುವ ಬಣ್ಣದ ಹಾಳೆಯಲ್ಲಿ ಎಲ್.ಡಿ.ಎಲ್. ಎಷ್ಟು ಇಳಿಯುತ್ತದೆ ಅನ್ನುವುದು ದೊಡ್ಡಕ್ಷರದಲ್ಲಿ ಇರುತ್ತಿತ್ತು. ಯಾವುದರ ಜೊತೆ ಕೊಡಬಾರದು ಅನ್ನುವುದು ಹಿಂಬದಿಗೆ.

ಕೇಸುಗಳ ವಿಷಯ: 2003ರಲ್ಲಿ ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ ಜ್ಯೂರಿ ಮುಂದೆ ನಡೆದ ಮೊದಲ ವಿಚಾರಣೆಯಲ್ಲಿ ಕಂಪನಿಯೇ ಗೆದ್ದಿತು. ಆದರೂ ಒಟ್ಟು ಸುಮಾರು 3,000 ಕೇಸುಗಳನ್ನು ಕೋರ್ಟಿನ ಹೊರಗೆ ಇತ್ಯರ್ಥ ಮಾಡಿಕೊಂಡಿತು, ತಪ್ಪು ಒಪ್ಪಿಕೊಳ್ಳದೆಯೇ. ಕೊಟ್ಟ ಹಣ 100 ಕೋಟಿ ಡಾಲರಿಗೂ ಜಾಸ್ತಿ.

ಚಿಂಚವಡ್_ಪಾಟೀಲ

ಹಂಗಾದರೆ ನನ್ನ ಮಾತು ಸರಿ ಆಯಿತಲ್ಲ ಭಟ್ಟರೇ.

ಪ್ರಿನ್ಸೆಸ್‌ಸ್ಟ್ರೀಟ್_ಭಟ್

ಕಂಪನಿಯ ಬಗ್ಗೆ ನಿಮ್ಮ ಮಾತು ಸರಿ. ಆದರೆ ‘ಆದ್ದರಿಂದ ಎಲ್ಲ ಸ್ಟ್ಯಾಟಿನ್ ಬಿಡಿ’ ಅನ್ನುವುದು ಅದರಿಂದ ಹುಟ್ಟುವ ತೀರ್ಮಾನ ಅಲ್ಲ. ಸೆರಿವಾಸ್ಟಾಟಿನ್ ಸಿಕ್ಕಿಬಿದ್ದದ್ದು ಹೇಗೆ? ಪ್ರಕರಣಗಳನ್ನು ಡಾಕ್ಟರುಗಳು ಬರೆದು ಕಳಿಸಿದ್ದರಿಂದ. ಬೇರೆ ಸ್ಟ್ಯಾಟಿನ್‌ಗಳ ಜೊತೆ ಹೋಲಿಸಿದ್ದರಿಂದ. ಅದೇ ಕಣ್ಣು ಉಳಿದ ಮಾತ್ರೆಗಳ ಮೇಲೂ ಇತ್ತು, ಈಗಲೂ ಇದೆ. ಲೋವಾಸ್ಟಾಟಿನ್ ಬಂದದ್ದು 1987ರಲ್ಲಿ. ಇಷ್ಟು ವರ್ಷ, ಇಷ್ಟು ಕೋಟಿ ಜನ ತಗೊಂಡ ಗುಂಪು ಇದು. ಅಟೋರ್ವಾ ಕೂಡ ಸೆರಿವಾಸ್ಟಾಟಿನ್‌ಗಿಂತ ಸ್ವಲ್ಪ ಮೊದಲೇ ಬಂದದ್ದು. ಅದಕ್ಕೂ ಅದೇ ಪರೀಕ್ಷೆ ಆಯಿತು, ಅದು ಉಳಿಯಿತು.

ಕೊಥ್ರೂಡ್_ಡಾಕ್ಟರ್

ಪಾಟೀಲರ ಪ್ರಶ್ನೆಗೆ ಇನ್ನೊಂದು ಮಾತು ಸೇರಿಸುತ್ತೇನೆ. ‘ಮೊದಲೇ ಯಾಕೆ ಗೊತ್ತಾಗಲಿಲ್ಲ?’ ಅನ್ನುವುದು ನ್ಯಾಯವಾದ ಪ್ರಶ್ನೆ. ಒಂದು ಔಷಧವನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಕೆಲವು ಸಾವಿರ ಜನರ ಮೇಲೆ ನೋಡುತ್ತಾರೆ. 3,000 ಜನರಲ್ಲಿ ಒಬ್ಬರಿಗೂ ಒಂದು ತೊಂದರೆ ಆಗದಿದ್ದರೂ, ಅದು ಸಾವಿರಕ್ಕೆ ಒಬ್ಬರಿಗೆ ಆಗುವ ಸಾಧ್ಯತೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಹತ್ತು ಸಾವಿರಕ್ಕೆ ಒಬ್ಬರಿಗೆ ಬರುವಂಥದ್ದು ಆ ಹಂತದಲ್ಲಿ ಕಾಣಿಸುವುದೇ ಇಲ್ಲ. ಅದಲ್ಲದೆ ಪರೀಕ್ಷೆಗೆ ತಗೊಳ್ಳುವವರು ಆರಿಸಿದ ಜನ. ಐದಾರು ಮಾತ್ರೆ ನುಂಗುವ ಎಪ್ಪತ್ತೈದರ ಅಜ್ಜಿ ಅಲ್ಲಿ ಇರುವುದಿಲ್ಲ. ಹೊರಗೆ ನಿಜವಾಗಿ ಮಾತ್ರೆ ನುಂಗುವವರು ಅವರೇ.

ಜೆಮ್‌ಫೈಬ್ರೋಜಿಲ್ ಯಾಕೆ ಅಷ್ಟು ಕೆಟ್ಟದ್ದು ಮಾಡಿತು ಅಂತ ಹೇಳಬೇಕು. ಅದು ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಅನ್ನುವ ಇನ್ನೊಂದು ಬಗೆಯ ಕೊಬ್ಬನ್ನು ಇಳಿಸುವ ಮಾತ್ರೆ. ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಜಾಸ್ತಿ ಇದ್ದವರಿಗೆ ಎರಡು ಮಾತ್ರೆಯನ್ನೂ ಕೊಡುವುದು ಸಹಜವಾಗಿ ಕಾಣುತ್ತದೆ. ಸಂಜೆ ದಾದರ್ ಸ್ಟೇಷನ್ನಿನ ಸೇತುವೆ ನೆನಪು ಮಾಡಿಕೊಳ್ಳಿ. ಇಳಿಯುವ ಮೆಟ್ಟಿಲು ಒಂದನ್ನು ಮುಚ್ಚಿದರೆ ಹೊಸದಾಗಿ ಒಬ್ಬರೂ ಬರದೆ ಇದ್ದರೂ ಮೇಲೆ ಜನ ಒತ್ತುತ್ತಾ ಹೋಗುತ್ತಾರೆ, ಅಲ್ವಾ? ಸೆರಿವಾಸ್ಟಾಟಿನ್‌ನ್ನು ಲಿವರ್‌ನಲ್ಲಿ ಕರಗಿಸಿ ಹೊರಹಾಕುವ ದಾರಿಯನ್ನು ಜೆಮ್‌ಫೈಬ್ರೋಜಿಲ್ ಮುಚ್ಚುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಐದಾರು ಪಟ್ಟು ಏರುತ್ತದೆ. ರೋಗಿ ನುಂಗಿದ್ದು 0.4, ಮೈ ಅನುಭವಿಸಿದ್ದು ಎರಡು ಮಿಲಿಗ್ರಾಂಗೂ ಜಾಸ್ತಿ.

ಜಪಾನಿನಲ್ಲಿ ಜೆಮ್‌ಫೈಬ್ರೋಜಿಲ್ ಮಾರಾಟದಲ್ಲೇ ಇರಲಿಲ್ಲ. ಅದಕ್ಕೇ ಅಲ್ಲಿ ಮೊದಲು ವಾಪಸ್ ತಗೊಳ್ಳಲಿಲ್ಲ, ಆಗಸ್ಟ್ ಕೊನೆಯ ಹೊತ್ತಿಗೆ ಅಲ್ಲೂ ನಿಲ್ಲಿಸಿದರು. ಆದರೆ ಇದನ್ನು ಬರೀ ಜೋಡಿ ಮಾತ್ರೆಯ ತಪ್ಪು ಅನ್ನಲೂ ಆಗುವುದಿಲ್ಲ. ಸತ್ತ 31 ಜನರಲ್ಲಿ ಉಳಿದ 19 ಜನ ಜೆಮ್‌ಫೈಬ್ರೋಜಿಲ್ ತಗೊಂಡದ್ದಕ್ಕೆ ದಾಖಲೆ ಇಲ್ಲ. ಅದರಲ್ಲಿ ದೊಡ್ಡ ಡೋಸಿನವರೂ ಇದ್ದರು.

ದಾದರ್_ಮೆಡಿಕಲ್

ಇಲ್ಲಿ ಮೆಡಿಕಲ್ ಅಂಗಡಿ ನಡೆಸುವವನು ನಾನು. ನಮಗೆ ದಿನಾ ಕಾಣುವುದನ್ನು ಬರೆಯುತ್ತೇನೆ.

ಒಬ್ಬರ ಕೈಯಲ್ಲಿ ಮೂರು ಚೀಟಿ ಇರುತ್ತದೆ. ಹೃದಯದ ಡಾಕ್ಟರದು ಒಂದು, ಚರ್ಮದವರದು ಒಂದು, ಫ್ಯಾಮಿಲಿ ಡಾಕ್ಟರದು ಒಂದು. ಮೂವರೂ ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿರುವುದಿಲ್ಲ. ಮೂರನ್ನೂ ಒಂದೇ ಅಂಗಡಿಯಿಂದ ತಗೊಂಡರೆ ನಮಗಾದರೂ ಕಣ್ಣಿಗೆ ಬೀಳುತ್ತದೆ. ಒಂದು ಸ್ಟೇಷನ್ ಹತ್ತಿರ, ಒಂದು ಮನೆ ಹತ್ತಿರ, ಒಂದು ಡಿಸ್ಕೌಂಟ್ ಆ್ಯಪ್‌ನಲ್ಲಿ ತಗೊಂಡರೆ ಯಾರಿಗೂ ಕಾಣುವುದಿಲ್ಲ. ಹತ್ತು ಪರ್ಸೆಂಟ್ ಉಳಿಸುವುದಕ್ಕಿಂತ ಎಲ್ಲ ಮಾತ್ರೆಯನ್ನೂ ಒಬ್ಬರೇ ನೋಡುವುದು ಮೇಲು. ಇದನ್ನು ವ್ಯಾಪಾರಕ್ಕಾಗಿ ಹೇಳುತ್ತಿಲ್ಲ. ನಿಮ್ಮ ಮನೆ ಪಕ್ಕದ ಅಂಗಡಿಯೇ ಆಗಲಿ, ಆದರೆ ಒಂದೇ ಆಗಲಿ.

ಡೊಂಬಿವಲಿ_ಲತಾ

ದಾದರ್‌ನವರು ಬರೆದದ್ದು ನಮ್ಮ ಮನೆಯ ಕಥೆ. ಹೇಳಲೇಬೇಕು ಅನ್ನಿಸಿತು.

ಅಪ್ಪನಿಗೆ ವರ್ಷಗಳಿಂದ ಅಟೋರ್ವಾ ನಡೆಯುತ್ತಿತ್ತು. ಒಂದು ದಿನವೂ ತೊಂದರೆ ಇರಲಿಲ್ಲ. ಮಳೆಗಾಲದಲ್ಲಿ ತೊಡೆಸಂದಿಯಲ್ಲಿ ಹುಳುಕಡ್ಡಿ ಆಯಿತು. ಒಂದು ಸ್ಕಿನ್ ಕ್ಲಿನಿಕ್ಕಿನಲ್ಲಿ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕೊಟ್ಟರು, ದಿನಕ್ಕೆ ಎರಡು, ಹಲವು ವಾರ. ಬೇರೆ ಏನು ಮಾತ್ರೆ ತಗೊಳ್ಳುತ್ತೀರಿ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಕೆಲವು ದಿನ ಆದ ಮೇಲೆ ತೊಡೆ ಬಿಗಿಯುತ್ತದೆ ಅಂದರು. ಆಮೇಲೆ ಕುಳಿತಲ್ಲಿಂದ ಏಳಲು ಕಷ್ಟ. ಸ್ಟೇಷನ್ನಿನ ಮೆಟ್ಟಿಲು ಹತ್ತಲು ಆಗಲಿಲ್ಲ. ಜ್ವರದ ಮೈಕೈ ನೋವು ಅಂದುಕೊಂಡು ಅಮ್ಮ ಎಣ್ಣೆ ತಿಕ್ಕುತ್ತಿದ್ದರು. ಮೂತ್ರ ಕಡು ಚಹಾ ಬಣ್ಣಕ್ಕೆ ತಿರುಗಿದಾಗ ಆಸ್ಪತ್ರೆಗೆ ಓಡಿದೆವು. ಸಿ.ಪಿ.ಕೆ. ವಿಪರೀತ ಏರಿತ್ತು, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಕೂಡ ಏರುತ್ತಿತ್ತು. ಎರಡೂ ಮಾತ್ರೆ ನಿಲ್ಲಿಸಿ, ಸಲೈನ್ ಮೇಲೆ ಸಲೈನ್ ಹಾಕಿದರು. ಡಯಾಲಿಸಿಸ್ ತನಕ ಹೋಗಲಿಲ್ಲ. ಈಗ ಚೆನ್ನಾಗಿದ್ದಾರೆ, ಬೇರೆ ಸ್ಟ್ಯಾಟಿನ್ ಸಣ್ಣ ಡೋಸಿನಲ್ಲಿ ನಡೆಯುತ್ತಿದೆ.

ನನಗೆ ಸಿಟ್ಟು ಇರುವುದು ಅಟೋರ್ವಾ ಮೇಲೆ ಅಲ್ಲ. ಆ ಒಂದು ಪ್ರಶ್ನೆ ಯಾರೂ ಕೇಳದೆ ಇದ್ದುದರ ಮೇಲೆ.

ಸುಮಾ_ಮುಲುಂಡ್

ಲತಾ ಅವರೇ, ಓದಿ ಮೈ ಜುಮ್ ಅಂತು. ಅಪ್ಪ ಹುಷಾರಾಗಿರಲಿ.

ಕೊಥ್ರೂಡ್_ಡಾಕ್ಟರ್

ಲತಾ ಅವರೇ, ಇದನ್ನು ಬರೆದದ್ದು ತುಂಬ ಒಳ್ಳೆಯದಾಯಿತು. ಮುಂಬಯಿ, ಗೋವಾದ ಸೆಕೆಗೆ ಹುಳುಕಡ್ಡಿ ಮನೆಮನೆಯಲ್ಲಿದೆ. ಈಚಿನ ವರ್ಷಗಳಲ್ಲಿ ಮೊಂಡಾಗಿಯೂ ಬರುತ್ತಿದೆ. ಹಾಗಾಗಿ ಇಟ್ರಾಕೊನಜೋಲ್ ವಾರಗಟ್ಟಲೆ ಬರೆಯುತ್ತಾರೆ. ಅಟೋರ್ವಾಸ್ಟಾಟಿನ್ ಕರಗುವ ದಾರಿಯನ್ನು ಅದು ಮುಚ್ಚುತ್ತದೆ, ಪ್ರಮಾಣ ಸುಮಾರು ಮೂರು ಪಟ್ಟು ಏರುತ್ತದೆ. ಸಿಂವಾಸ್ಟಾಟಿನ್ ಆದರೆ ಹತ್ತು ಪಟ್ಟಿಗೂ ಮೇಲೆ. ಅದರ ಜೊತೆ ಕೊಡಲೇಬಾರದು.

ಇದೇ ಗುಂಪಿನಲ್ಲಿ ಕ್ಲಾರಿಥ್ರೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಇದೆ. ಎದೆ ಕಫಕ್ಕೆ, ಹೊಟ್ಟೆಯ ಹುಣ್ಣಿನ ಕಿಟ್‌ನಲ್ಲಿ ಬರುತ್ತದೆ. ಕಿಡ್ನಿ ಕಸಿ ಆದವರು ತಗೊಳ್ಳುವ ಸೈಕ್ಲೋಸ್ಪೋರಿನ್ ಇದೆ. ಬಿ.ಪಿ.ಯ ಅಮ್ಲೋಡಿಪಿನ್ ಜೊತೆ ಸಿಂವಾಸ್ಟಾಟಿನ್ 20ಕ್ಕಿಂತ ಜಾಸ್ತಿ ಬೇಡ ಅಂತ ಅಮೆರಿಕದ ಎಫ್.ಡಿ.ಎ. ಹೇಳಿದೆ. ಕೆಲವು ದಿನದ ಕೋರ್ಸ್ ಆದರೆ ಡಾಕ್ಟರ್ ಸ್ಟ್ಯಾಟಿನ್ ಅಷ್ಟು ದಿನ ನಿಲ್ಲಿಸಬಹುದು, ಇಲ್ಲವೇ ಬೇರೆ ಔಷಧ ಕೊಡಬಹುದು. ರೋಸುವಾಸ್ಟಾಟಿನ್, ಪ್ರಾವಾಸ್ಟಾಟಿನ್ ಆ ದಾರಿಯಲ್ಲಿ ಕರಗುವುದಿಲ್ಲ. ಹುಳುಕಡ್ಡಿಗೂ ಬೇರೆ ಮಾತ್ರೆಗಳಿವೆ. ದಾರಿ ಬೇಕಾದಷ್ಟು ಇದೆ, ಎದುರಿಗೆ ಕೂತವರಿಗೆ ಗೊತ್ತಿರಬೇಕು ಅಷ್ಟೇ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ ಮೂರು: ಎರಡೂ ತೊಡೆ ಅಥವಾ ತೋಳಿನಲ್ಲಿ ಹೊಸದಾಗಿ ಬಂದ ಜೋರು ನೋವು, ಏಳಲು ಕೂರಲು ಆಗದಷ್ಟು ಸುಸ್ತು, ಕಂದು ಬಣ್ಣದ ಮೂತ್ರ. ಮೂರನೆಯದು ಕಂಡರೆ ರಾತ್ರಿಯಾದರೂ ಹೋಗಿ.

ವಾಸ್ಕೋ_ನಾಯಕ

ನಾನು ವಾಸ್ಕೋದಲ್ಲಿ ಬಂದರಿನ ಕೆಲಸದಲ್ಲಿದ್ದೇನೆ. ನನ್ನ ಚೀಟಿಯಲ್ಲಿ ಅಟೋರ್ವಾಸ್ಟಾಟಿನ್ ಮತ್ತು ಫೆನೋಫೈಬ್ರೇಟ್ ಎರಡೂ ಸೇರಿದ ಒಂದೇ ಮಾತ್ರೆ ಇದೆ. ಮೇಲಿನದನ್ನು ಓದಿ ಗಾಬರಿ ಆಯಿತು. ಇದೂ ಅದೇ ಥರದ ಜೋಡಿ ಅಲ್ಲವೇ? ಇನ್ನೊಂದು, ಗೆಳೆಯನೊಬ್ಬ ಕೆಂಪು ಅಕ್ಕಿಯ ಕ್ಯಾಪ್ಸೂಲ್ ತರಿಸಿಕೊಂಡಿದ್ದಾನೆ. ಚೀನಾದ ನಾಟಿ ಔಷಧ, ಸೈಡ್ ಎಫೆಕ್ಟ್ ಇಲ್ಲ ಅನ್ನುತ್ತಾನೆ. ಅದಕ್ಕೆ ಬದಲಾಯಿಸಿಕೊಳ್ಳಲಾ?

ಕೊಥ್ರೂಡ್_ಡಾಕ್ಟರ್

ಗಾಬರಿ ಬೇಡ ನಾಯಕರೇ. ಫೆನೋಫೈಬ್ರೇಟ್ ಮತ್ತು ಜೆಮ್‌ಫೈಬ್ರೋಜಿಲ್ ಒಂದೇ ಗುಂಪಿನವು, ಆದರೆ ಫೆನೋಫೈಬ್ರೇಟ್ ಸ್ಟ್ಯಾಟಿನ್ ಹೊರಹೋಗುವ ದಾರಿಯನ್ನು ಹಾಗೆ ಮುಚ್ಚುವುದಿಲ್ಲ. ಸ್ಟ್ಯಾಟಿನ್ ಜೊತೆ ಫೈಬ್ರೇಟ್ ಬೇಕೇಬೇಕು ಅನ್ನಿಸಿದಾಗ ಅದನ್ನೇ ಆರಿಸುತ್ತಾರೆ. ಆದರೂ ಕಿಡ್ನಿ ಟೆಸ್ಟ್ ಆಗಾಗ ಮಾಡಿಸಿ. ಟ್ರೈಗ್ಲಿಸರೈಡ್ ಎಷ್ಟಿತ್ತು, ಈಗ ಎಷ್ಟಿದೆ, ಎರಡನೆಯ ಔಷಧ ಇನ್ನೂ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ. ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಟ್ರೈಗ್ಲಿಸರೈಡ್ ಏರುವುದಕ್ಕೆ ಅದೂ ದೊಡ್ಡ ಕಾರಣ.

ಕೆಂಪು ಅಕ್ಕಿಯ ಕ್ಯಾಪ್ಸೂಲ್ ಬಗ್ಗೆ ಭಟ್ ಅವರು ಹೇಳಲಿ, ಅವರಿಗೆ ಆ ಇತಿಹಾಸ ಚೆನ್ನಾಗಿ ಗೊತ್ತು.

ಪ್ರಿನ್ಸೆಸ್‌ಸ್ಟ್ರೀಟ್_ಭಟ್

ಅದು ನಮ್ಮೂರಿನ ಕುಸುಬಲಕ್ಕಿ ಅಲ್ಲ ನಾಯಕರೇ. ಅಕ್ಕಿಯ ಮೇಲೆ ಮೊನಾಸ್ಕಸ್ ಅನ್ನುವ ಬೂಷ್ಟು ಬೆಳೆಸಿ ಕೆಂಪಾಗಿಸಿದ್ದು. ಆ ಬೂಷ್ಟು ತಯಾರಿಸುವ ಮೊನಾಕೊಲಿನ್ ಕೆ ಅನ್ನುವ ವಸ್ತುವೂ ಲೋವಾಸ್ಟಾಟಿನ್ ಮಾತ್ರೆಯೂ ಒಂದೇ. ಅಂದರೆ ನಿಮ್ಮ ಗೆಳೆಯ ಸ್ಟ್ಯಾಟಿನ್ನನ್ನೇ ನುಂಗುತ್ತಿದ್ದಾನೆ. ಎಷ್ಟು ನುಂಗುತ್ತಿದ್ದಾನೆ ಅನ್ನುವುದು ಗೊತ್ತಿಲ್ಲದೆ, ರಕ್ತ ಪರೀಕ್ಷೆ ಇಲ್ಲದೆ. ಒಂದು ಡಬ್ಬಿಗೂ ಇನ್ನೊಂದಕ್ಕೂ ಅಳತೆ ಬೇರೆ ಇರುತ್ತದೆ. ಕೆಲವದರಲ್ಲಿ ಕಿಡ್ನಿಗೆ ಕೆಟ್ಟದ್ದಾದ ಸಿಟ್ರಿನಿನ್ ಅನ್ನುವ ವಿಷವೂ ಸಿಕ್ಕಿದೆ. ಅಟೋರ್ವಾ ಜೊತೆ ಇದನ್ನೂ ತಗೊಂಡರೆ ಎರಡು ಸ್ಟ್ಯಾಟಿನ್ ಒಟ್ಟಿಗೆ ಆಯಿತು.

ಎಲ್ಲ ಸ್ಟ್ಯಾಟಿನ್‌ಗಳ ಮೂಲವೇ ಬೂಷ್ಟು. ಜಪಾನಿನ ಅಕಿರಾ ಎಂಡೋ ಅನ್ನುವ ವಿಜ್ಞಾನಿ ಸಾವಿರಾರು ಬೂಷ್ಟುಗಳನ್ನು ಪರೀಕ್ಷೆ ಮಾಡಿ, 1973ರಲ್ಲಿ ಕಾಂಪ್ಯಾಕ್ಟಿನ್ ಅನ್ನುವ ಮೊದಲ ಸ್ಟ್ಯಾಟಿನ್ ಕಂಡುಹಿಡಿದರು. ಕ್ಯೋಟೋದ ಒಂದು ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕ ಬೂಷ್ಟು ಅದು. ಎಂಥಾ ತಾಳ್ಮೆಯ ಕೆಲಸ! ನಾಯಿಗಳ ಮೇಲಿನ ಪರೀಕ್ಷೆಯಲ್ಲಿ ಸಂಶಯ ಬಂದು, ಅದನ್ನು ಔಷಧವಾಗಿ ತರಲು ಹೊರಟಿದ್ದ ಸಾಂಕ್ಯೋ ಕಂಪನಿ 1980ರಲ್ಲಿ ಕಾಂಪ್ಯಾಕ್ಟಿನ್ ಕೈಬಿಟ್ಟಿತು. ಎಂಡೋ 2024ರಲ್ಲಿ ತೀರಿಕೊಂಡರು.

ಇನ್ನೂ ಹಿಂದೆ ಹೋದರೆ ಟ್ರೈಪರನಾಲ್ ಇದೆ, ಎಂ.ಇ.ಆರ್. 29 ಅಂತಲೂ ಹೆಸರು. 1960ರಲ್ಲಿ ಅಮೆರಿಕದಲ್ಲಿ ಬಂತು, ಕೊಲೆಸ್ಟ್ರಾಲ್ ಇಳಿಸಲು. ಕಣ್ಣಿಗೆ ಪೊರೆ ಬಂತು, ಕೂದಲು ಉದುರಿತು. 1962ರಲ್ಲಿ ವಾಪಸ್. ಮಂಗಗಳ ಮೇಲಿನ ಪರೀಕ್ಷೆಯ ಅಂಕಿಗಳನ್ನು ಕಂಪನಿಯಲ್ಲಿ ತಿದ್ದಿಸಿದ್ದರು. ಅದನ್ನು ಹೊರಗೆ ಹೇಳಿದ್ದು ಅಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು. ಪಾಟೀಲರೇ, ಇದನ್ನು ನಿಮಗಾಗಿ ಬರೆದೆ. ಸಿಟ್ಟು ಬಿಡಬೇಡಿ, ಆದರೆ ಅದು ಸರಿಯಾದ ಕಡೆಗೆ ಇರಲಿ.

ಚಿಂಚವಡ್_ಪಾಟೀಲ

ಆ ಹೆಣ್ಣುಮಗಳಿಗೆ ಕೈಮುಗಿಯಬೇಕು. ಭಟ್ಟರೇ, ನನ್ನ ಅಣ್ಣನಿಗೆ ಮಾತ್ರೆ ಶುರು ಮಾಡಿದ ವಾರವೇ ಮೈಕೈ ನೋವು ಬಂತು, ಬಿಟ್ಟುಬಿಟ್ಟ. ಅದಕ್ಕೇ ನನಗೆ ಈ ಮಾತ್ರೆಗಳ ಮೇಲೆ ಸಂಶಯ. ಅದು ಸುಳ್ಳು ನೋವೇನು?

ಕೊಥ್ರೂಡ್_ಡಾಕ್ಟರ್

ನೋವು ಯಾರದೂ ಸುಳ್ಳಲ್ಲ ಪಾಟೀಲರೇ. ಅದರ ಕಾರಣ ಯಾವುದು ಅನ್ನುವುದು ಬೇರೆ ಪ್ರಶ್ನೆ. ಲಂಡನ್ನಿನಲ್ಲಿ 60 ಜನರ ಮೇಲೆ ಒಂದು ಪರೀಕ್ಷೆ ಮಾಡಿದರು, 2020ರಲ್ಲಿ ಫಲಿತಾಂಶ ಬಂತು. ಎಲ್ಲರೂ ನಿಮ್ಮ ಅಣ್ಣನ ಹಾಗೆ ಸ್ಟ್ಯಾಟಿನ್ ಹೊಂದಿಕೊಳ್ಳದೆ ಬಿಟ್ಟವರು. ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧ ಇಲ್ಲದ ಖಾಲಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಯಾವ ಮಾತ್ರೆ ಯಾವುದು ಅಂತ ಅವರಿಗೆ ಗೊತ್ತಿಲ್ಲ. ನಿಜವಾದ ಮಾತ್ರೆಯಲ್ಲಿ ಬಂದ ತೊಂದರೆಯ ನೂರಕ್ಕೆ ತೊಂಬತ್ತು ಪಾಲು ಖಾಲಿ ಮಾತ್ರೆಯಲ್ಲೂ ಬಂತು. ಆ ನೋವು ನಿಜವಾದ ನೋವೇ, ಆದರೆ ಅದನ್ನು ತಂದದ್ದು ಭಯ. ತಮ್ಮದೇ ಲೆಕ್ಕವನ್ನು ತೋರಿಸಿದ ಮೇಲೆ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು.

ಉಳಿದ ಸಣ್ಣ ಪಾಲು ಔಷಧದ್ದೇ. ಅಂಥವರಿಗೆ ಡೋಸ್ ಇಳಿಸುವುದು, ಬೇರೆ ಸ್ಟ್ಯಾಟಿನ್‌ಗೆ ಬದಲಾಯಿಸುವುದು, ಸ್ಟ್ಯಾಟಿನ್ ಅಲ್ಲದ ಕೊಲೆಸ್ಟ್ರಾಲ್ ಮಾತ್ರೆಗಳಾದ ಎಝೆಟಿಮೈಬ್ ಸೇರಿಸುವುದು, ಬೆಂಪೆಡೋಯಿಕ್ ಆ್ಯಸಿಡ್ ಕೊಡುವುದು, ಹೀಗೆ ಮಾಡುತ್ತೇವೆ. ಡೋಸ್ ದೊಡ್ಡದಾದಷ್ಟೂ ಸ್ನಾಯುವಿಗೆ ಅಪಾಯ ಜಾಸ್ತಿ ಅನ್ನುವುದು ಬೇರೆ ಸ್ಟ್ಯಾಟಿನ್‌ಗಳಲ್ಲೂ ಕಂಡಿದೆ. ಸಿಂವಾಸ್ಟಾಟಿನ್ 80 ಮತ್ತು 20ನ್ನು ಹನ್ನೆರಡು ಸಾವಿರ ಜನರಲ್ಲಿ ಹೋಲಿಸಿದಾಗ, 80 ತಗೊಂಡವರಲ್ಲಿ 52 ಜನರಿಗೆ ಸ್ನಾಯು ಕಾಯಿಲೆ ಬಂತು, 20ರವರಲ್ಲಿ ಒಬ್ಬರಿಗೆ. ಅದಾದ ಮೇಲೆ 2011ರಲ್ಲಿ ಎಫ್.ಡಿ.ಎ. ಹೊಸಬರಿಗೆ 80 ಶುರು ಮಾಡಬೇಡಿ ಅಂತ ಹೇಳಿತು. ಏಷ್ಯಾದ ಮೂಲದವರ ರಕ್ತದಲ್ಲಿ ರೋಸುವಾಸ್ಟಾಟಿನ್ ಜಾಸ್ತಿ ನಿಲ್ಲುತ್ತದೆ, ಅದಕ್ಕೇ 5ರಿಂದ ಶುರು ಮಾಡಿ ಅನ್ನುವ ಸೂಚನೆಯೂ ಅದರ ಹಾಳೆಯಲ್ಲಿದೆ. ಅಣ್ಣನನ್ನು ಒಮ್ಮೆ ಕರೆದುಕೊಂಡು ಬನ್ನಿ, ಕೂತು ನೋಡೋಣ.

ಸುಮಾ_ಮುಲುಂಡ್

ಹೃದಯದ ಡಾಕ್ಟರ ಜೊತೆ ಮಾತಾಡಿದೆ. ಇವತ್ತು ರಾತ್ರಿಯಿಂದಲೇ ಶುರು ಮಾಡಿ ಅಂದರು, ಸಿ.ಪಿ.ಕೆ. ಮತ್ತು ಥೈರಾಯ್ಡ್ ಬರೆದುಕೊಟ್ಟಿದ್ದಾರೆ. ಅತ್ತೆಗೆ ಭಟ್ ಸರ್ ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. 3.16 ಮತ್ತು 0.04 ಕೇಳಿ ಸುಮ್ಮನಾದರು. ಒಂದು ಪ್ರಶ್ನೆ ಉಳಿದಿದೆ. ಲತಾ ಅವರ ಅಪ್ಪನಿಗೆ ಆದಂಥದ್ದು ನಮ್ಮ ದೇಶದಲ್ಲಿ ಯಾರಾದರೂ ಬರೆದಿಡುತ್ತಾರಾ?

ದಾದರ್_ಮೆಡಿಕಲ್

ಬರೆದಿಡುತ್ತಾರೆ. ಭಾರತದ ಫಾರ್ಮಕೋವಿಜಿಲೆನ್ಸ್, ಅಂದರೆ ಔಷಧಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. ಅದರ ಮುಖ್ಯ ಕೇಂದ್ರ ಗಾಜಿಯಾಬಾದ್‌ನಲ್ಲಿದೆ. 1800-180-3024 ಅನ್ನುವ ಉಚಿತ ನಂಬರಿಗೆ ರೋಗಿ ಅಥವಾ ಮನೆಯವರೇ ಫೋನ್ ಮಾಡಬಹುದು. ಡಾಕ್ಟರೇ ಮಾಡಬೇಕು ಅಂತಿಲ್ಲ. ರೋಗಿಗಳಿಗೆಂದೇ ಬೇರೆ ಫಾರಂ ಇದೆ, ಕನ್ನಡದಲ್ಲೂ ಇದೆ. ದೊಡ್ಡ ಮೆಡಿಕಲ್ ಕಾಲೇಜುಗಳಲ್ಲಿ ಇದಕ್ಕಾಗಿ ಕೇಂದ್ರಗಳಿವೆ, ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯಲ್ಲೂ ಇದೆ.

ಮಾತ್ರೆಯ ಹೆಸರು, ಕಂಪನಿ, ಬ್ಯಾಚ್ ನಂಬರ್, ಯಾವಾಗ ಶುರು ಮಾಡಿದ್ದು, ಯಾವಾಗ ತೊಂದರೆ ಬಂತು, ಜೊತೆಗೆ ಬೇರೆ ಏನೇನು ತಗೊಳ್ಳುತ್ತಿದ್ದರು, ಇಷ್ಟು ಕೇಳುತ್ತಾರೆ. ಅದಕ್ಕೇ ಖಾಲಿ ಸ್ಟ್ರಿಪ್ ಮತ್ತು ಬಿಲ್ ಇಟ್ಟುಕೊಳ್ಳಿ. ಹೆಸರು ಗುಟ್ಟಾಗಿ ಇಡುತ್ತಾರೆ.

ಡೊಂಬಿವಲಿ_ಲತಾ

ಇದು ಗೊತ್ತೇ ಇರಲಿಲ್ಲ. ಅಪ್ಪನ ಡಿಸ್ಚಾರ್ಜ್ ಕಾಗದ, ಎರಡೂ ಮಾತ್ರೆಯ ಬಿಲ್ ಫೈಲಿನಲ್ಲಿ ಇವೆ. ಇಷ್ಟು ತಡವಾಗಿ ಕೊಟ್ಟರೂ ನಡೆಯುತ್ತದಾ?

ದಾದರ್_ಮೆಡಿಕಲ್

ನಡೆಯುತ್ತದೆ ಅಕ್ಕ. ತಾರೀಖುಗಳು ಸರಿಯಾಗಿ ಇದ್ದರೆ ಸಾಕು. ಫಾರಂ ತುಂಬುವಾಗ ಎಲ್ಲಾದರೂ ತೊಡಕಾದರೆ ಇಲ್ಲೇ ಬರೆಯಿರಿ, ನಾನು ನೋಡಿ ಹೇಳುತ್ತೇನೆ.